ಮನೆಯಲ್ಲೇ 35 ಜನರ ಊಟ, ಜೊತೆಗೆ 1985ರ ಒಂದು ಸೀರೆ

ಪ್ರಶ್ನೆ: ನನ್ನ ಅತ್ತೆ-ಮಾವನ ಮದುವೆ ಆಗಿದ್ದು 1985ರಲ್ಲಿ. ಈ ಸಲಕ್ಕೆ 40 ವರ್ಷ ತುಂಬುತ್ತೆ. ಮಕ್ಕಳು, ಮೊಮ್ಮಕ್ಕಳು, ಹತ್ತಿರದ ನೆಂಟರು ಸೇರಿ 35 ಜನ ಆಗ್ತಾರೆ. ಮೈಸೂರಿನಲ್ಲಿ ಮೊದಲ ಮಹಡಿಯ ಬಾಡಿಗೆ ಮನೆ ನಮ್ಮದು. ಅಡುಗೆಯವರು 16 ಬಗೆಯ ಪಟ್ಟಿ ಕೊಟ್ಟು ಎಲೆಗೆ 380 ರೂಪಾಯಿ ಅಂದಿದ್ದಾರೆ. ನಮ್ಮ ಕೈಲಿರೋದು ಎಲ್ಲಾ ಖರ್ಚಿಗೂ ಸೇರಿ 12,000. ಮನೆಯಲ್ಲೇ ಮಾಡಿದರೆ ಜಿಪುಣರು ಅನ್ನಿಸಿಕೊಳ್ಳುತ್ತೀವಾ? ಇನ್ನೊಂದು, ಆರತಕ್ಷತೆಗೆ ಉಟ್ಟ ಮೈಸೂರು ಸಿಲ್ಕ್ ಸೀರೆಯನ್ನೇ ಮತ್ತೆ ಉಡಬೇಕು ಅಂತ ಅತ್ತೆಗೆ ಆಸೆ. ಅದು ಮಡಿಕೆಯಲ್ಲಿ ಅಲ್ಲಲ್ಲಿ ಬಿಟ್ಟಿದೆ. ನಾದಿನಿ 'ಕತ್ತರಿಸಿ ನನ್ನ ಮಗಳಿಗೆ ಲಂಗ ಹೊಲಿಸೋಣ' ಅಂತಾರೆ. ಮದುವೆ ಫೋಟೋಗಳು ಅಂಟಿನ ಹಾಳೆಯ ಆಲ್ಬಂನಲ್ಲಿ ಕಚ್ಚಿಕೊಂಡಿವೆ, ಕೀಳೋಕೆ ಬರ್ತಿಲ್ಲ. ಏನು ಮಾಡಲಿ?
(ಹೆಸರು ಬೇಡ, ಮೈಸೂರು)

ಉತ್ತರ: ಅಡುಗೆಯವರ ಪಟ್ಟಿಯನ್ನೂ ಪತ್ರದ ಜೊತೆ ಕಳಿಸಿದ್ದು ಒಳ್ಳೆಯದಾಯಿತು. ಎರಡು ಸಿಹಿ, ಎರಡು ಪಲ್ಯ, ಎರಡು ಕೋಸಂಬರಿ, ಬೋಂಡ, ಪಲಾವು, ಅದಕ್ಕೊಂದು ಮೊಸರು ಬಜ್ಜಿ, ಹುಳಿ, ಸಾರು, ಮಜ್ಜಿಗೆ ಹುಳಿ... ಎಣಿಸುತ್ತಾ ಹೋದರೆ ಎಲೆಯಲ್ಲಿ ಜಾಗ ಸಾಲುವುದಿಲ್ಲ. 35 ಎಲೆಗೆ 13,300 ರೂಪಾಯಿ. ನಿಮ್ಮ ದುಡ್ಡೆಲ್ಲಾ ಅಲ್ಲಿಗೇ ಮುಗಿದು ಇನ್ನೂ ಸಾಲ.

ನಾನು ಗೃಹವಿಜ್ಞಾನ ಪಾಠ ಹೇಳಿ ನಿವೃತ್ತಳಾದವಳು. ಮಕ್ಕಳಿಗೆ ಮೊದಲ ದಿನವೇ ಒಂದು ಲೆಕ್ಕ ಮಾಡಿಸುತ್ತಿದ್ದೆ. ಹತ್ತು ಜನರ ಊಟಕ್ಕೆ ಇನ್ನೂ ಐದು ಜನ ಬಂದರೆ ಏನು ಜಾಸ್ತಿಯಾಗುತ್ತೆ? ಅರ್ಧ ಕೆಜಿ ಅಕ್ಕಿ, ಒಂದು ಹಿಡಿ ಬೇಳೆ. ಅದೇ ಹತ್ತು ಜನಕ್ಕೆ ಇನ್ನೊಂದು ಬಗೆ ಸೇರಿಸಿದರೆ? ಬೇರೆ ತರಕಾರಿ, ಬೇರೆ ಮಸಾಲೆ, ಬೇರೆ ಒಗ್ಗರಣೆ, ಇನ್ನೊಂದು ಪಾತ್ರೆ, ಅದನ್ನು ಬಡಿಸಲು ಇನ್ನೊಂದು ಕೈ, ಕೊನೆಗೆ ತಳದಲ್ಲಿ ಉಳಿಯುವ ಎರಡು ಸೌಟು. ಖರ್ಚು ಏರುವುದು ಬಗೆಯಿಂದ. ಆದ್ದರಿಂದ ಯಾರನ್ನು ಬಿಡಲಿ ಅಂತ ಕೂರಬೇಡಿ. ಯಾವ ಬಗೆ ಬಿಡಲಿ ಅಂತ ಯೋಚಿಸಿ. ನೆಂಟರ ಪಟ್ಟಿಯಿಂದ ಒಬ್ಬರ ಹೆಸರು ಹೊಡೆದರೆ ಅದನ್ನು ಹತ್ತು ವರ್ಷ ಕೇಳಬೇಕಾಗುತ್ತೆ. ಮಜ್ಜಿಗೆ ಹುಳಿ ಯಾಕೆ ಮಾಡಲಿಲ್ಲ ಅಂತ ಯಾರೂ ಕೇಳುವುದಿಲ್ಲ.

ಜಿಪುಣತನದ ಮಾತಿಗೆ ಬಂದರೆ, ಅದು ಕಾಣಿಸುವುದು ಎರಡೇ ಕಡೆ. ಬಂದವರಿಗೆ ಕುಡಿಯಲು ಕೊಡಲು ತಡ ಮಾಡಿದಾಗ. ಎರಡನೇ ಸಲ ಕೇಳುವ ಮೊದಲೇ ಪಾತ್ರೆ ಖಾಲಿಯಾದಾಗ. ಇವೆರಡು ಆಗದಂತೆ ನೋಡಿಕೊಂಡರೆ ಸಾಕು. ನಾಲ್ಕು ಬಗೆ ಮಾಡಿ, ಕೈ ತುಂಬಾ ಬಡಿಸಿ.

ನಿಮ್ಮ ಮನೆಗೆ ನಾನು ಹೇಳುವ ಅಡುಗೆ ಇಷ್ಟು: ಬಾಗಿಲಲ್ಲೇ ಪಾನಕ. ಎಲೆಗೆ ಹೆಸರುಬೇಳೆ ಕೋಸಂಬರಿ, ಬಿಸಿಬೇಳೆ ಬಾತು, ಹಯಗ್ರೀವ, ಮೊಸರನ್ನ. ಹಪ್ಪಳ, ಉಪ್ಪಿನಕಾಯಿ ಲೆಕ್ಕಕ್ಕಿಲ್ಲ. ಬೋಂಡ ಬೇಡವೇ ಬೇಡ. ಬೋಂಡ ಕರಿಯುವವರು ಫೋಟೋದಲ್ಲಿ ಇರುವುದಿಲ್ಲ, ನಮ್ಮ ಮನೆಯ ಯಾವ ಫೋಟೋದಲ್ಲೂ ನಮ್ಮ ದೊಡ್ಡಮ್ಮ ಇಲ್ಲ. ಹಪ್ಪಳವನ್ನು ಬೆಳಗ್ಗೆಯೇ ಕರಿದು, ಪೂರಾ ಆರಿದ ಮೇಲೆ ಡಬ್ಬಕ್ಕೆ ತುಂಬಿ ಗಟ್ಟಿ ಮುಚ್ಚಿಡಿ.

ಸಾಮಾನಿನ ರೇಟು ವಾರಕ್ಕೊಂದು ಥರ ಇರುತ್ತೆ. ಅದಕ್ಕೆ ತೂಕ ಮಾತ್ರ ಹೇಳುತ್ತೇನೆ, ಗುಣಾಕಾರ ನೀವು ಮಾಡಿಕೊಳ್ಳಿ. 35ರಲ್ಲಿ ಪುಟ್ಟ ಮಕ್ಕಳು, ವಯಸ್ಸಾದವರು ಕಳೆದರೆ ಗಟ್ಟಿಯಾಗಿ ಉಣ್ಣುವವರು 30 ಅಂತ ಹಿಡಿಯಿರಿ. ಬಿಸಿಬೇಳೆ ಬಾತಿಗೆ ಒಂದೂವರೆ ಕೆಜಿ ಅಕ್ಕಿ, ಒಂದು ಕೆಜಿ ತೊಗರಿಬೇಳೆ. ಹುರುಳಿಕಾಯಿ, ಕ್ಯಾರೆಟ್, ನವಿಲುಕೋಸು, ಬಟಾಣಿ ಎಲ್ಲಾ ಸೇರಿ ಎರಡು ಕೆಜಿ. ಹುಣಸೆಹಣ್ಣು 150 ಗ್ರಾಂ, ಪುಡಿ 150ರಿಂದ 175 ಗ್ರಾಂ, ತುಪ್ಪ ಕಾಲು ಕೆಜಿ. ನೀರು ಅಕ್ಕಿ-ಬೇಳೆಯ ಅಳತೆಯ ನಾಲ್ಕರಷ್ಟಕ್ಕಿಂತ ಸ್ವಲ್ಪ ಜಾಸ್ತಿ. ಎಲ್ಲಾ ಸೇರಿ 16-17 ಲೀಟರ್ ಆಗುತ್ತೆ. ಇಲ್ಲೇ ಜನ ಎಡವುವುದು. ಶಾಮಿಯಾನ ಅಂಗಡಿಯಿಂದ ದೊಡ್ಡ ಕೊಳಗ ತಂದು ಮನೆಯ ಗ್ಯಾಸ್ ಒಲೆ ಮೇಲೆ ಕೂರಿಸುತ್ತಾರೆ. ಆ ಉರಿ ಅಷ್ಟು ದೊಡ್ಡ ಪಾತ್ರೆಗೆ ಸಾಲಲ್ಲ. ತಳ ಹತ್ತುತ್ತೆ, ಮೇಲೆ ಕುದಿಯೇ ಬರಲ್ಲ. ಹತ್ತು-ಹನ್ನೆರಡು ಲೀಟರಿನ ಎರಡು ಪಾತ್ರೆ ಇಡಿ. ಅಕ್ಕಿ-ಬೇಳೆ ಕುಕ್ಕರಿನಲ್ಲಿ ಎರಡು ಮೂರು ಸರದಿಯಲ್ಲಿ ಬೇಯಲಿ, ಕೂಡಿಸುವುದು ಮಾತ್ರ ಪಾತ್ರೆಯಲ್ಲಿ.

ಹುಣಸೆ ರಸ ಬೇಳೆ ಪೂರಾ ಬೆಂದ ಮೇಲೆ. ಹುಳಿ ಮೊದಲೇ ಬಿದ್ದರೆ ಬೇಳೆ ಗಂಟೆಗಟ್ಟಲೆ ಕುದ್ದರೂ ಕಾಳು ಕಾಳಾಗೇ ಇರುತ್ತೆ. ಇನ್ನೊಂದು, ಒಲೆಯಿಂದ ಇಳಿಸುವಾಗ ಬಾತು ನೀರು ನೀರಾಗಿ ಕಂಡರೆ ಗಾಬರಿ ಬೇಡ. ಸಾರಿಗಿಂತ ಗಟ್ಟಿ, ಹುಳಿಗಿಂತ ಚೂರು ಗಟ್ಟಿ, ಅಷ್ಟಿರಲಿ. ಅರ್ಧ ಗಂಟೆಯಲ್ಲಿ ಅಕ್ಕಿ ನೀರು ಹೀರಿ ತಾನೇ ಗಟ್ಟಿಯಾಗುತ್ತೆ. ಪಕ್ಕದಲ್ಲಿ ಒಂದು ಪಾತ್ರೆ ಕುದಿಯುವ ನೀರು ಇಟ್ಟುಕೊಂಡು ಎರಡನೇ ಪಂಕ್ತಿಗೆ ಮುಂಚೆ ಸಡಿಲ ಮಾಡಿ. ತಣ್ಣೀರು ಹಾಕಿದರೆ ರುಚಿಯೇ ಒಡೆಯುತ್ತೆ.

ಕೋಸಂಬರಿಗೆ ಅರ್ಧ ಕೆಜಿ ಹೆಸರುಬೇಳೆ, ಒಂದೂವರೆ ಕೆಜಿ ಸೌತೆಕಾಯಿ, ಒಂದು ತೆಂಗಿನಕಾಯಿ. ಉಪ್ಪು, ನಿಂಬೆರಸ ಮಾತ್ರ ಎಲೆ ಹಾಕಿದ ಮೇಲೆ. ಮೊದಲೇ ಉಪ್ಪು ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಎಲೆ ತುಂಬಾ ಹರಿಯುತ್ತೆ. ಮೊಸರನ್ನಕ್ಕೆ ಒಂದು ಕೆಜಿ ಅಕ್ಕಿ ಮೆತ್ತಗೆ ಬೇಯಿಸಿ, ಎರಡು ಲೀಟರ್ ಹಾಲು, ಒಂದು ಲೀಟರ್ ಮೊಸರು. ಹಾಲು ಜಾಸ್ತಿ ಇದ್ದರೆ ಮಧ್ಯಾಹ್ನದವರೆಗೂ ಹುಳಿ ಬರಲ್ಲ. ಹಯಗ್ರೀವಕ್ಕೆ ಮುಕ್ಕಾಲು ಕೆಜಿ ಕಡಲೆಬೇಳೆ, ಒಂದು ಕೆಜಿ ಬೆಲ್ಲ, 200 ಗ್ರಾಂ ತುಪ್ಪ, ಮೇಲೆ ಕೊಬ್ಬರಿ, ಗಸಗಸೆ, ಗೋಡಂಬಿ. ಇದರ ಉಪಕಾರ ಏನು ಗೊತ್ತಾ, ಹಿಂದಿನ ಸಂಜೆಯೇ ಮಾಡಿಡಬಹುದು. ಮಾರನೇ ದಿನ ಇನ್ನೂ ರುಚಿ. ಪಾನಕಕ್ಕೆ ಏಳು ಲೀಟರ್ ನೀರಿಗೆ ಮುಕ್ಕಾಲು ಕೆಜಿ ಬೆಲ್ಲ, ಹತ್ತು ನಿಂಬೆಹಣ್ಣು, ಏಲಕ್ಕಿ, ಶುಂಠಿ. ಬೆಲ್ಲ ಕರಗಿಸಿ ಶೋಧಿಸುವುದನ್ನು ಮರೆಯಬೇಡಿ, ಮರಳು ಹಲ್ಲಿಗೆ ಸಿಕ್ಕರೆ ಮರ್ಯಾದೆ ಹೋಗುತ್ತೆ.

ಇಷ್ಟಕ್ಕೂ ಎಲೆ, ಹೂವು, ಪಾತ್ರೆ ಬಾಡಿಗೆ ಸೇರಿಸಿದರೂ ನಿಮ್ಮ ದುಡ್ಡಿನ ಅರ್ಧ ದಾಟಲಿಕ್ಕಿಲ್ಲ. ಉಳಿದದ್ದರಲ್ಲಿ ಮೊದಲ ಖರ್ಚು, ಪಾತ್ರೆ ತೊಳೆಯಲು ಮತ್ತು ಬಡಿಸಲು ಒಬ್ಬರನ್ನು ದಿನಗೂಲಿಗೆ ಕರೆಯುವುದು. ಇದರಲ್ಲಿ ಉಳಿತಾಯ ಮಾಡಬೇಡಿ. ಸೊಸೆಯಂದಿರು ಸಿಂಕಿನ ಮುಂದೆ ನಿಂತು, ಗಂಡಸರು ಹಾಲಿನಲ್ಲಿ ಹರಟೆ ಹೊಡೆಯುವ ಮನೆ ಊಟವನ್ನು ನಾನು ಅಗ್ಗದ್ದು ಅಂತ ಕರೆಯುವುದಿಲ್ಲ. ಅಲ್ಲಿ ಕೂಲಿ ಕೊಟ್ಟಿಲ್ಲ, ಅಷ್ಟೇ.

ಬಫೆ ಬೇಡ, ಬಡಿಸಿ. ತಟ್ಟೆ ಹಿಡಿದು ನಿಂತವರು ಇನ್ನೊಂದು ಸಲ ಸಾಲಿಗೆ ಬರಲು ಬೇಜಾರಾಗಿ ಒಮ್ಮೆಲೇ ತುಂಬಿಸಿಕೊಳ್ಳುತ್ತಾರೆ, ಅರ್ಧ ಬಿಡುತ್ತಾರೆ. ಎಲೆಗೆ ಒಂದು ಸೌಟು ಹಾಕಿ, ಮತ್ತೆ ಬಂದು 'ಇನ್ನು ಸ್ವಲ್ಪ?' ಅಂತ ಕೇಳಿದರೆ ಅನ್ನ ಚೆಲ್ಲುವುದಿಲ್ಲ, ಕೇಳಿದ್ದಕ್ಕೆ ಮನಸ್ಸೂ ತುಂಬುತ್ತೆ. ದೇವರಾಜ ಮಾರುಕಟ್ಟೆಯಲ್ಲಿ ಹಿಂದಿನ ದಿನವೇ 40 ಬಾಳೆ ಎಲೆ ತನ್ನಿ, ಒಂದೆರಡು ಹರಿದಿರುತ್ತವೆ. ಎಲೆಯ ತುದಿ ಉಣ್ಣುವವರ ಎಡಗಡೆಗೆ ಬರಬೇಕು ಅಂತ ಮಕ್ಕಳಿಗೆ ಹೇಳಿಕೊಟ್ಟು ಅವರ ಕೈಲೇ ಹಾಕಿಸಿ. ಟೆರೇಸ್ ಬಳಸುವುದಾದರೆ ಮನೆ ಓನರ್‌ಗೆ ಒಂದು ವಾರ ಮೊದಲೇ ಹೇಳಿ, ಅವರನ್ನೂ ಊಟಕ್ಕೆ ಕರೆದುಬಿಡಿ. ಮಂಡಿ ನೋವಿನವರಿಗೆ ಕುರ್ಚಿ-ಟೇಬಲ್, ಉಳಿದವರಿಗೆ ಜಮಖಾನ. ಎರಡು ಪಂಕ್ತಿ ಆಗುತ್ತೆ, ಆಗಲಿ.

ಅಲಂಕಾರಕ್ಕೆ ಬಲೂನು ಕಮಾನಿನವರು ಫೋನ್ ಮಾಡಿದ್ದಾರೆ ಅಂತ ಬರೆದಿದ್ದೀರಿ. ಫೋನ್ ಇಟ್ಟುಬಿಡಿ. ಮಾವಿನ ತೋರಣ, ಬಾಗಿಲಿಗೆ ರಂಗೋಲಿ, ಬಂದ ಹೆಂಗಸರಿಗೆಲ್ಲಾ ಒಂದೊಂದು ತುಂಡು ಮೈಸೂರು ಮಲ್ಲಿಗೆ. ಮನೆಯ ಹಿತ್ತಾಳೆ ಸಾಮಾನು ಹೊರಗೆ ತೆಗೆಯಿರಿ. ಹುಣಸೆಹಣ್ಣಿನಲ್ಲಿ ಉಜ್ಜಿ, ಸಬೀನ ಹಾಕಿ ತೊಳೆದು, ಕೂಡಲೇ ಒಣಬಟ್ಟೆಯಲ್ಲಿ ಒರೆಸಿದರೆ ಬೇರೆ ಅಲಂಕಾರವೇ ಬೇಡ. ಒಂದು ಎಚ್ಚರಿಕೆ ಮಾತ್ರ. ಒಳಗೆ ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಪಾನಕ, ಮೊಸರನ್ನ, ಬಿಸಿಬೇಳೆ ಬಾತು ಯಾವುದನ್ನೂ ಹಾಕಬೇಡಿ. ಹುಳಿ ತಾಗಿದ ಕೂಡಲೇ ಕಿಲುಬು ಬಿಡುತ್ತೆ. ಮದುವೆಯಾದ ಹೊಸದರಲ್ಲಿ ನಾನು ಚೆಂದ ಕಾಣಲಿ ಅಂತ ಪುಳಿಯೋಗರೆಯನ್ನು ಅಜ್ಜಿಯ ಹಿತ್ತಾಳೆ ಹರಿವಾಣದಲ್ಲಿ ಕಲಸಿಟ್ಟಿದ್ದೆ. ಎರಡು ಗಂಟೆಯಲ್ಲಿ ಅಂಚಿನಲ್ಲೆಲ್ಲಾ ಹಸಿರು. ಅಷ್ಟನ್ನೂ ಚೆಲ್ಲಿ ಪಕ್ಕದ ಮನೆಯಿಂದ ಅಕ್ಕಿ ಕಡ ತಂದು ಚಿತ್ರಾನ್ನ ಮಾಡಿದ್ದಾಯಿತು. ಹಿತ್ತಾಳೆಯಲ್ಲಿ ಹೂವು, ಹಣ್ಣು, ವೀಳ್ಯದೆಲೆ ಇಡಿ. ಪಾನಕಕ್ಕೆ ಸ್ಟೀಲ್ ಸಾಕು.

ಇನ್ನು ಸೀರೆ. ಅಡುಗೆಗಿಂತ ಇದರ ಚಿಂತೆಯೇ ನಿಮಗೆ ಜಾಸ್ತಿ ಇದ್ದಂತಿದೆ, ನನಗೂ ಹಾಗೇ.

ಮೈಸೂರಿನಲ್ಲಿ ರೇಷ್ಮೆ ನೇಯುವ ಕಾರ್ಖಾನೆ ಶುರುವಾಗಿದ್ದು 1912ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಆ ಕ್ರೇಪ್ ಸೀರೆಯ ಗುಟ್ಟು ನೂಲಿಗೆ ಕೊಡುವ ಹುರಿಯಲ್ಲಿದೆ. ಅದಕ್ಕೇ ಅದು ಮೈಗೆ ಜಾರಿದಂತೆ ಕೂರುತ್ತೆ. ಆ ಗುಣವೇ ಬೀರುವಿನಲ್ಲಿ ತೊಂದರೆ ಕೊಡುತ್ತೆ. ಹ್ಯಾಂಗರಿಗೆ ನೇತು ಹಾಕಿದರೆ ಜೋಲುತ್ತೆ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟರೆ ಆ ಗೆರೆಯಲ್ಲೇ ಎಳೆ ಮುರಿಯುತ್ತೆ. ಜರಿಯಲ್ಲಿ ಬೆಳ್ಳಿ ಇರುವುದರಿಂದ ಕಪ್ಪಾಗುತ್ತೆ. ನುಸಿ ಗುಳಿಗೆ ಜರಿಗೆ ತಾಗುವಂತೆ ಇಟ್ಟಿದ್ದರೆ ಇನ್ನೂ ಕೆಡುತ್ತೆ.

ಹೀಗೆ ಮಾಡಿ. ಮಂಚದ ಮೇಲೆ ಬಿಳಿ ಪಂಚೆ ಹಾಸಿ, ಅದರ ಮೇಲೆ ಸೀರೆ ಪೂರಾ ಬಿಚ್ಚಿ. ಬಿಸಿಲು ಬೇಡ, ಗಾಳಿಯಾಡಿದರೆ ಸಾಕು. ಇಬ್ಬರು ಹಿಡಿದು ಕಿಟಕಿಯ ಬೆಳಕಿಗೆ ಒಡ್ಡಿ ನೋಡಿ. ಗೀರು ಎಲ್ಲಿದೆ ಅಂತ ಬಿಳಿ ದಾರದಲ್ಲಿ ಪಕ್ಕದಲ್ಲೇ ಸಣ್ಣ ಗುರುತು ಹಾಕಿ. ಆಮೇಲೆ ಗಟ್ಟಿ ಕಾಣುವ ಜಾಗದಲ್ಲೂ ಎರಡು ಬೆರಳಿನಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಅಲ್ಲೂ ಪರಪರ ಅಂದರೆ ಸೀರೆ ಉಡುವ ಕಾಲ ಮುಗಿಯಿತು ಅಂತ ಅರ್ಥ. ಮಡಿಕೆಯಲ್ಲಿ ಮಾತ್ರ ಬಿಟ್ಟಿದ್ದರೆ ಉಳಿಸಬಹುದು. ರಫೂ ಮಾಡುವವರ ಹತ್ತಿರ ಒಯ್ದು ಹಿಂದಿನಿಂದ ಅದೇ ಬಣ್ಣದ ತೆಳು ನೆಟ್ ಹಾಕಿಸಿ. ಪಾಲಿಶ್‌ಗೆ ಕೊಡುವುದಾದರೂ ಈ ಕೆಲಸ ಆದ ಮೇಲೇ ಕೊಡಿ, ಹರಿದದ್ದನ್ನು ಮೊದಲೇ ತೋರಿಸಿ.

ಗೀರುಗಳು ನೆರಿಗೆಯ ಒಳಗೆ ಹೋಗುವಂತೆ ಉಡಿಸಬಹುದು, ಒಂದು ಸಲ ಹಿಂದಿನ ದಿನ ಉಟ್ಟು ನೋಡಿ. ಸೆರಗಿಗೆ ಪಿನ್ ಹಾಕುವಾಗ ಒಳಗೊಂದು ಬಟ್ಟೆ ತುಂಡು ಇಟ್ಟು ಅದಕ್ಕೂ ಸೇರಿಸಿ ಚುಚ್ಚಿ. ಬರೀ ರೇಷ್ಮೆಗೆ ಚುಚ್ಚಿದರೆ ಅತ್ತೆ ಕೈ ಎತ್ತಿದ ಕೂಡಲೇ ಸೀಳುತ್ತೆ. 1985ರ ರವಿಕೆ ಆಗಲ್ಲ ಅಂತ ಅವರು ಬೇಜಾರು ಮಾಡಿಕೊಂಡಿದ್ದಾರಂತೆ. ಯಾರಿಗೂ ಆಗಲ್ಲಮ್ಮ. ಹೊಸದೊಂದು ಹೊಲಿಸಿ, ಅದೇ ಬಣ್ಣ ಹುಡುಕಬೇಡಿ. ಹಳೇ ಬಣ್ಣಕ್ಕೆ ಹೊಸ ಬಣ್ಣ ಎಂದೂ ಸರಿಹೊಂದಲ್ಲ, ಎರಡೂ ಮಂಕಾಗಿ ಕಾಣುತ್ತವೆ. ಅಂಚಿನ ಬಣ್ಣಕ್ಕೆ ಹೊಂದುವ ಗಾಢವಾದ ಬಟ್ಟೆ ತನ್ನಿ. ಆರತಿ, ಫೋಟೋ ಮುಗಿಯುವವರೆಗೆ ಅರ್ಧ ಗಂಟೆ ಉಟ್ಟು, ಊಟಕ್ಕೆ ಮುಂಚೆ ಹತ್ತಿ ಸೀರೆಗೆ ಬದಲಾಯಿಸಲಿ. ಬಿಸಿಬೇಳೆ ಬಾತಿನ ತುಪ್ಪ ಬಿದ್ದರೆ ಯಾವ ಪಾಲಿಶ್‌ನವರೂ ತೆಗೆಯಲಾರರು.

ನಾದಿನಿಯ ಲಂಗದ ಮಾತನ್ನು ನಾನು ತಪ್ಪು ಅನ್ನಲ್ಲ. ಅಜ್ಜಿಯ ಸೀರೆಯಲ್ಲಿ ಮೊಮ್ಮಗಳಿಗೆ ಲಂಗ ಹೊಲಿಸುವುದು ನಮ್ಮಲ್ಲಿ ಹಿಂದಿನಿಂದಲೂ ಇದ್ದದ್ದೇ. ಉತ್ತರ ಕರ್ನಾಟಕದಲ್ಲಿ ಹಳೇ ಸೀರೆಗಳನ್ನು ಪದರ ಪದರವಾಗಿ ಹೊಲಿದು ಕೌದಿ ಮಾಡುತ್ತಾರೆ, ಒಂದೊಂದು ತುಂಡಿಗೂ ಒಂದೊಂದು ಕಥೆ ಇರುತ್ತೆ. ಆದರೆ ಎಳೆ ಸೊರಗಿದ ರೇಷ್ಮೆಗೆ ಮಿಷಿನ್ ಹೊಲಿಗೆ ಬಿದ್ದರೆ ಸೂಜಿ ಹೋದ ದಾರಿಯಲ್ಲೇ ಹರಿಯುತ್ತೆ. ಕುಣಿದಾಡುವ ಮಗು, ಒಂದು ದಿನವೂ ತಡೆಯಲ್ಲ. ಈ ಸಲ ಅತ್ತೆ ಉಡಲಿ. ಮುಂದೆ ಎಂದಾದರೂ ಸೀರೆ ಪೂರಾ ಹೋದಾಗ ಅಂಚನ್ನು ಬಿಚ್ಚಿ ಹೊಸ ಬಟ್ಟೆಯ ಲಂಗಕ್ಕೆ ಕೂರಿಸಬಹುದು. ಇದನ್ನು ನಾದಿನಿಗೆ ನೀವು ಹೇಳಬೇಡಿ, ಅತ್ತೆಯೇ ಹೇಳಲಿ.

ಮಾರಬೇಡಿ ಅನ್ನುವುದಂತೂ ಖಂಡಿತ. ನಾನು ಚಿಕ್ಕವಳಿದ್ದಾಗ ಬೀದಿಯಲ್ಲಿ 'ಹಳೇ ಜರಿ ಸೀರೆ' ಅಂತ ಕೂಗಿಕೊಂಡು ಬರುತ್ತಿದ್ದರು. ಜರಿ ಸುಟ್ಟು ಬೆಳ್ಳಿ ತೆಗೆಯುತ್ತಾರೆ ಅಂತ ನಮಗೆಲ್ಲಿ ಗೊತ್ತು? ನಮ್ಮಮ್ಮ ತನ್ನ ಧಾರೆ ಸೀರೆ ಕೊಟ್ಟು ಮೂರು ಸ್ಟೀಲ್ ಡಬ್ಬ ತೆಗೆದುಕೊಂಡಳು. ಆ ಕಾಲಕ್ಕೆ ಅದು ಜಾಣತನವೇ, ಮನೆಯಲ್ಲಿ ಅಕ್ಕಿಗೆ ಇಲಿ ಕಾಟ. ಎರಡು ಡಬ್ಬ ಈಗಲೂ ನನ್ನ ಅಡುಗೆಮನೆಯಲ್ಲಿವೆ. ಒಂದರಲ್ಲಿ ರವೆ, ಇನ್ನೊಂದರಲ್ಲಿ ಅವಲಕ್ಕಿ. ಸೀರೆಯ ಬಣ್ಣ ಕೇಳಿದರೆ ನಾನು, ನನ್ನ ತಂಗಿ ಇಬ್ಬರೂ ಬೇರೆ ಬೇರೆ ಹೇಳುತ್ತೇವೆ.

ಫೋಟೋಗಳನ್ನು ಕೀಳಲು ಹೋಗಬೇಡಿ. ಆ ಅಂಟು ವರ್ಷ ಕಳೆದಂತೆ ಹಿಂಬದಿಗೆ ಕಚ್ಚುತ್ತೆ. ಎಳೆದರೆ ಫೋಟೋ ಬಾಗುತ್ತೆ, ಮೇಲಿನ ಪದರ ಬಿರಿಯುತ್ತೆ. ಆಲ್ಬಂನಲ್ಲೇ ಇರಲಿ. ಮೇಲಿನ ಪ್ಲಾಸ್ಟಿಕ್ ಹಾಳೆ ಸುಲಭವಾಗಿ ಏಳುವುದಾದರೆ ಎತ್ತಿ, ಕಿಟಕಿ ಪಕ್ಕ ಇಟ್ಟು, ಫ್ಲ್ಯಾಶ್ ಇಲ್ಲದೆ, ಫೋನನ್ನು ನೇರ ಮೇಲೆ ಹಿಡಿದು ತೆಗೆಯಿರಿ. ನಿಮ್ಮ ನೆರಳು ಬೀಳದಂತೆ ನೋಡಿಕೊಳ್ಳಿ. ಆ ಕಾಲದ ಬಣ್ಣದ ಫೋಟೋ ಕೆಂಪಗೆ ತಿರುಗಿರುತ್ತೆ, ಫೋನಿನಲ್ಲೇ ಸ್ವಲ್ಪ ಸರಿ ಮಾಡಬಹುದು, ಪೂರಾ ಹೊಸದರಂತೆ ಮಾಡಬೇಡಿ. 20 ಫೋಟೋ ಪ್ರಿಂಟ್ ಹಾಕಿಸಿ, ಹಾಲಿನಲ್ಲಿ ಒಂದು ದಾರ ಕಟ್ಟಿ, ಬಟ್ಟೆ ಒಣಗಿಸುವ ಕ್ಲಿಪ್ಪಿನಲ್ಲಿ ಸಿಕ್ಕಿಸಿ. ಪ್ರತಿಯೊಂದರ ಕೆಳಗೆ ಒಂದು ಖಾಲಿ ಚೀಟಿ, ಪಕ್ಕದಲ್ಲಿ ಪೆನ್ಸಿಲ್. 'ಇದರಲ್ಲಿ ಯಾರು ಯಾರಿದ್ದಾರೆ?' ಅಂತ ಬರೆದಿಡಿ. ಬೇರೆ ಆಟ ಬೇಕಾಗಿಲ್ಲ. 'ಇದು ನಮ್ಮ ಸೋದರಮಾವ', 'ಛೆ, ಅಲ್ಲ, ಓಲಗದವರು' ಅಂತ ಜಗಳ ಶುರುವಾದಾಗ ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿಕೊಳ್ಳಿ. ಆ ಹೆಸರುಗಳು ಗೊತ್ತಿರುವವರು ಮುಂದಿನ ಸಲ ಎಲ್ಲರೂ ಸಿಗುತ್ತಾರೆ ಅಂತ ಇಲ್ಲ.

ಅತ್ತೆಯ ಟ್ರಂಕಿನಲ್ಲಿ ಇನ್ನೊಂದು ವಸ್ತು ಹುಡುಕಿ: ಮುಯ್ಯಿ ಬರೆದ ನೋಟುಪುಸ್ತಕ. ಯಾರು ಹನ್ನೊಂದು ರೂಪಾಯಿ ಕೊಟ್ಟರು, ಯಾರು ಎರಡು ಲೋಟ, ಯಾರು ಗೋಡೆ ಗಡಿಯಾರ, ಎಲ್ಲಾ ಸಾಲಾಗಿ ಇರುತ್ತೆ. ಅದನ್ನು ಊಟಕ್ಕೆ ಮುಂಚೆ ಯಾರಾದರೂ ಗಟ್ಟಿಯಾಗಿ ಓದಲಿ. ಆ ಲೋಟಗಳಲ್ಲಿ ಒಂದಾದರೂ ಮನೆಯಲ್ಲಿ ಉಳಿದಿದ್ದರೆ ಅದರಲ್ಲೇ ಕೊಟ್ಟವರಿಗೆ ಪಾನಕ ಕೊಡಿ.

ಹೋಗುವಾಗ ಕೊಡಲು ಪ್ಲಾಸ್ಟಿಕ್ ಡಬ್ಬ ಬೇಡ. ಎರಡು ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು, ಜೊತೆಗೆ ಅತ್ತೆಯ ಕೈಯ ಬಿಸಿಬೇಳೆ ಬಾತಿನ ಪುಡಿ 100 ಗ್ರಾಂ. 35 ಜನ ಅಂದರೆ ಹನ್ನೆರಡು-ಹದಿಮೂರು ಮನೆ, ಅಷ್ಟೇ ಪೊಟ್ಟಣ. ಬ್ಯಾಡಗಿ ಮೆಣಸಿನಕಾಯಿ, ಧನಿಯಾ, ಕಡಲೆಬೇಳೆ, ಉದ್ದಿನಬೇಳೆ, ಚಕ್ಕೆ, ಲವಂಗ, ಮರಾಠಿ ಮೊಗ್ಗು ಅವರು ಹುರಿಯಲಿ, ನೀವು ಪುಡಿ ಮಾಡಿ. ಪೊಟ್ಟಣಕ್ಕೆ ಹಾಕುವ ಪುಡಿಗೆ ಕೊಬ್ಬರಿ ಸೇರಿಸಬೇಡಿ, ಬೇಗ ಕಮಟುತ್ತೆ. 'ಮಾಡುವಾಗ ಒಂದು ಹಿಡಿ ಕೊಬ್ಬರಿ ಹಾಕಿ' ಅಂತ ಅತ್ತೆಯ ಕೈಬರಹದಲ್ಲೇ ಚೀಟಿ ಬರೆಸಿ, ಜೆರಾಕ್ಸ್ ಮಾಡಿಸಿ ಒಳಗೆ ಇಡಿ.

ಒಂದು ಮಾತು ಬಿಟ್ಟುಹೋಗಿತ್ತು. ಮೊದಲ ಪಂಕ್ತಿಗೆ ಬಡಿಸುವ ಮುಂಚೆಯೇ ನಿಮಗೊಂದು, ಪಾತ್ರೆ ತೊಳೆಯಲು ಬಂದವರಿಗೊಂದು ಡಬ್ಬದಲ್ಲಿ ಬಾತು, ಹಯಗ್ರೀವ ತೆಗೆದು ಪಕ್ಕಕ್ಕೆ ಇಟ್ಟುಬಿಡಿ. ನಮ್ಮಮ್ಮ ಯಾವಾಗಲೂ ಕೊನೆಗೆ ಕೂತು ಪಾತ್ರೆಯ ತಳ ಕೆರೆದು ಉಣ್ಣುತ್ತಿದ್ದಳು. ತಳ ಹತ್ತಿದ್ದೇ ರುಚಿ ಕಣೇ ಅನ್ನುತ್ತಿದ್ದಳು. ನಾನು ತುಂಬಾ ವರ್ಷ ಅದನ್ನು ನಂಬಿದ್ದೆ.